ಚಾರ್ಜಿಂಗ್ ಆಗಿಹೋತು

ಆ ಬಿಳಿ ಕಾರು ಮೊದಲ ಸಲ ಟೋ ಗಾಡಿಯ ಮೇಲೆ ನಮ್ಮ ವರ್ಕ್‌ಶಾಪಿಗೆ ಬಂದಾಗ ಅದರ ಹಿಂದಿನ ಸೀಟಿನಲ್ಲಿ ಒಂದು ತಲೆದಿಂಬು, ಒಂದು ಉಣ್ಣೆಯ ಶಾಲು, ವಾಂತಿ ಬಂದರೆ ಹಿಡಿಯಲೆಂದು ಒಂದು ಪ್ಲಾಸ್ಟಿಕ್ ಡಬ್ಬಿ ಇದ್ದವು. ವಿಶಾಖಪಟ್ಟಣದ ಬೇಸಿಗೆಯಲ್ಲಿ ಉಣ್ಣೆಯ ಶಾಲು ಯಾರಿಗಪ್ಪಾ ಬೇಕು ಎಂದು ನನ್ನ ಜೊತೆ ಕೆಲಸ ಮಾಡುವವನು ನಕ್ಕ. ನಾನೂ ನಕ್ಕೆ. ಡಯಾಲಿಸಿಸ್ ಮುಗಿಸಿ ಬಂದವರಿಗೆ ಎಂಥ ಬಿಸಿಲಿನಲ್ಲೂ ಚಳಿ ಹತ್ತಬಹುದು ಎನ್ನುವುದು ಆಗ ಇಬ್ಬರಿಗೂ ಗೊತ್ತಿರಲಿಲ್ಲ.

ನಾನು ಹಿರಿಯೂರಿನ ಕಡೆಯವಳು. ಇಲ್ಲಿ ಎಲೆಕ್ಟ್ರಿಕ್ ಕಾರುಗಳ ತೊಂದರೆ ಹುಡುಕುವ ಕೆಲಸ ನನ್ನದು. ದಪ್ಪ ರಬ್ಬರ್ ಗ್ಲೌಸ್ ಹಾಕಿಕೊಂಡು ಹೈ ವೋಲ್ಟೇಜಿನ ಕಿತ್ತಳೆ ಬಣ್ಣದ ಕೇಬಲ್ಲುಗಳಿಗೆ ಕೈ ಹಾಕಲು ಅನುಮತಿ ಇರುವ ಕೆಲವೇ ಜನರಲ್ಲಿ ನಾನೂ ಒಬ್ಬಳು. ಆದರೂ ಬಂದವರೆಲ್ಲ ನನ್ನ ಮುಖ ನೋಡಿ, "ಮೆಕ್ಯಾನಿಕ್ ಎಲ್ಲಮ್ಮಾ?" ಎಂದೇ ಕೇಳುತ್ತಾರೆ. ಮೊದಮೊದಲು ಸಿಟ್ಟು ಬರುತ್ತಿತ್ತು. ಈಗಲೂ ಬರುತ್ತದೆ.

ಕಾರಿನ ಜೊತೆ ಬಂದ ಹುಡುಗಿ ಹಾಗೆ ಕೇಳಲಿಲ್ಲ. ನಾನು ಫೋನಿನಲ್ಲಿ ಊರಿನವರ ಜೊತೆ ಮಾತಾಡುತ್ತಿದ್ದುದನ್ನು ಕೇಳಿಸಿಕೊಂಡು ಕಣ್ಣರಳಿಸಿದಳು.

"ಅಕ್ಕಾ, ನೀವು ಕನ್ನಡದವರಾ? ನಾವೂ ಅಕ್ಕಾ. ಧಾರವಾಡ. ಅಂದ್ರೆ ಅಪ್ಪ ಅಮ್ಮ ಧಾರವಾಡ. ನಾನು ಇಲ್ಲೇ."

ತಂದೆ ಬ್ಯಾಂಕಿನ ಅಧಿಕಾರಿ. ಇವಳು ಕೂಸಾಗಿದ್ದಾಗ ವರ್ಗವಾಗಿ ಬಂದವರು ಆಮೇಲೆ ಆಂಧ್ರ ಬಿಟ್ಟು ಹೋಗಲೇ ಇಲ್ಲ. ಈಗ ಅವರು ವಿಜಯವಾಡದ ಶಾಖೆಯಲ್ಲಿದ್ದಾರೆ, ರಜೆಗೆ ಬಂದು ಹೋಗುತ್ತಾರೆ. ಭೀಮುನಿಪಟ್ಟಣದ ಮನೆಯಲ್ಲಿರುವುದು ತಾಯಿ, ಮಗಳು ಇಬ್ಬರೇ. ತಾಯಿಯ ಎರಡೂ ಕಿಡ್ನಿ ಕೈಕೊಟ್ಟಿವೆ. ವಾರಕ್ಕೆ ಮೂರು ಸಲ ವಿಶಾಖಪಟ್ಟಣದ ಆಸ್ಪತ್ರೆಗೆ ಕರೆತಂದು ರಕ್ತ ಶುದ್ಧ ಮಾಡಿಸಿಕೊಂಡು ವಾಪಸ್ ಕರೆದೊಯ್ಯಬೇಕು. ಆಟೋದ ಕುಲುಕಾಟ ಆಕೆಗೆ ತಡೆಯುವುದಿಲ್ಲ. ಸದ್ದಿಲ್ಲದೆ, ಜಗ್ಗದೆ ಹೋಗುತ್ತದೆ ಎಂದೇ ಈ ಕಾರನ್ನು ತೆಗೆದುಕೊಂಡಿದ್ದರು.

"ರಾತ್ರಿ ಚಾರ್ಜಿಂಗ್ ಇಟ್ಟಿದ್ದೆ, ಆಗಿಹೋತು ಅಕ್ಕಾ," ಎಂದು ಅವಳು ನಡೆದದ್ದನ್ನು ಹೇಳಿದಳು. "ಮುಂಜಾನೆ ಆಸ್ಪತ್ರೆಗೆ ಹೋಗೋವಾಗ ಏನೂ ಪ್ರಾಬ್ಲಂ ಇಲ್ಲ. ವಾಪಸ್ ಬರೋವಾಗ ಋಷಿಕೊಂಡ ದಾಟಿದ ಮೇಲೆ ಸ್ಕ್ರೀನ್ ಬ್ಲ್ಯಾಕ್. ಕಾರ್ ಡೆಡ್. ಗ್ಲಾಸ್ ಕೂಡ ಇಳೀಲಿಲ್ಲ ಅಕ್ಕಾ. ಅಮ್ಮ ಒಳಗೇ ಇದ್ರು."

ಎಲೆಕ್ಟ್ರಿಕ್ ಕಾರಿನಲ್ಲಿ ಚಕ್ರ ತಿರುಗಿಸುವ ದೊಡ್ಡ ಬ್ಯಾಟರಿಯ ಜೊತೆಗೆ ಹನ್ನೆರಡು ವೋಲ್ಟಿನ ಚಿಕ್ಕ ಬ್ಯಾಟರಿಯೂ ಇರುತ್ತದೆ. ಸ್ಕ್ರೀನು, ಕಿಟಕಿ, ಒಳಗಿನ ಕಂಪ್ಯೂಟರುಗಳೆಲ್ಲ ನಡೆಯುವುದು ಅದರಿಂದ. ಚಿಕ್ಕದು ಸತ್ತರೆ, ದೊಡ್ಡದು ಭರ್ತಿ ಇದ್ದರೂ ಕಾರು ಹೆಣ. ನಾನು ಚಿಕ್ಕ ಬ್ಯಾಟರಿಗೆ ಹೊರಗಿನಿಂದ ಕರೆಂಟ್ ಕೊಟ್ಟೆ. ಕಾರು ಏನೂ ಆಗದವರ ಹಾಗೆ ಎದ್ದು ಕೂತಿತು. ದೊಡ್ಡ ಬ್ಯಾಟರಿಯಲ್ಲಿ ಅರ್ಧಕ್ಕಿಂತ ಹೆಚ್ಚು ಚಾರ್ಜ್ ಇತ್ತು. ಸ್ಕ್ಯಾನರ್ ಹಚ್ಚಿದರೆ ಬ್ರೇಕಿನಿಂದ ಏರ್‌ಬ್ಯಾಗಿನವರೆಗೆ ಎಲ್ಲರದೂ ಒಂದೇ ದೂರು: ವೋಲ್ಟೇಜ್ ಸಾಲಲಿಲ್ಲ. ಇಂಥ ಕೋಡುಗಳಿಂದ ಪ್ರಯೋಜನ ಕಡಿಮೆ. ಕರೆಂಟ್ ಹೋದಾಗ ಕೇರಿಯವರೆಲ್ಲ ಒಟ್ಟಿಗೆ ಕೂಗುತ್ತಾರೆ, ಫ್ಯೂಸ್ ಸುಟ್ಟದ್ದು ಎಲ್ಲಿ ಎಂದು ಅದರಿಂದ ತಿಳಿಯುವುದಿಲ್ಲ.

ಚಿಕ್ಕ ಬ್ಯಾಟರಿ ಬದಲಿಸಿದೆ. ದೊಡ್ಡದಕ್ಕೆ ವರ್ಕ್‌ಶಾಪಿನ ಫಾಸ್ಟ್ ಚಾರ್ಜರಿನಲ್ಲಿ ಚಾರ್ಜ್ ಹಾಕಿ, ಕಾರ್ಖಾನೆಗಳಿರುವ ಪರವಾಡದವರೆಗೆ ಓಡಿಸಿಕೊಂಡು ಹೋದೆ. ಶಿಫ್ಟ್ ಬಿಡುವ ಹೊತ್ತು, ಕಂಪನಿ ಬಸ್ಸುಗಳ ನಡುವೆ ತೆವಳುತ್ತ, ಎಸಿ ಪೂರ್ತಿ ಹಾಕಿ, ಹಾಡು ಹಚ್ಚಿ, ಲೈಟು ಉರಿಸಿ ಅದರ ಜೀವ ಹಿಂಡಿದೆ. ಒಂದು ಸಲವೂ ಮಿಸುಕಲಿಲ್ಲ. ಡೆಲಿವರಿ ಕೊಟ್ಟೆ.

ಕೆಲವು ದಿನಗಳಲ್ಲೇ ಅದು ಮತ್ತೆ ಟೋ ಗಾಡಿಯ ಮೇಲೆ ಬಂತು. ಈ ಸಲ ಸಮುದ್ರದ ಪಕ್ಕದ ರಸ್ತೆಯಲ್ಲಿ, ಮರದ ನೆರಳೂ ಇಲ್ಲದ ಕಡೆ ನಿಂತಿತ್ತು. ಹುಡುಗಿ ಬಾಗಿಲು ತೆರೆದು, ದುಪಟ್ಟಾ ಅಡ್ಡ ಹಿಡಿದು ತಾಯಿಗೆ ನೆರಳು ಮಾಡಿಕೊಂಡು ನಿಂತಿದ್ದಳಂತೆ. ಆಕೆಗೆ ಎದ್ದು ನಾಲ್ಕು ಹೆಜ್ಜೆ ಹಾಕುವ ಶಕ್ತಿ ಇರಲಿಲ್ಲ. ಕೊನೆಗೆ ಮೀನಿನ ಬುಟ್ಟಿ ಹೇರಿಕೊಂಡು ಹೋಗುತ್ತಿದ್ದ ಒಂದು ಆಟೋದವನು ಬುಟ್ಟಿಗಳನ್ನು ರಸ್ತೆಬದಿಗೆ ಇಳಿಸಿ ಇಬ್ಬರನ್ನೂ ಮನೆ ಮುಟ್ಟಿಸಿದ. ಆ ವಾಸನೆಗೆ ಆಕೆ ದಾರಿಯುದ್ದಕ್ಕೂ ವಾಂತಿ ಮಾಡಿಕೊಂಡರಂತೆ.

ವಿಜಯವಾಡದಿಂದ ತಂದೆಯ ಫೋನು ಬಂತು.

"ಏನ್ರೀ ಮೇಡಂ, ಅದೇನ್ ರಿಪೇರಿ ಮಾಡಿ ಕಳಿಸೀರಿ? ನನ್ನ ಹೆಂಡ್ತಿ ಸಾಯೂದ್ರಾಗಿದ್ಲು."

ಕ್ಷಮಿಸಿ ಎಂದೆ. ರಾತ್ರಿ ಚಾರ್ಜ್ ಸರಿಯಾಗಿ ಆಗಿತ್ತೇ ಎಂದು ಕೇಳಿದೆ.

"ಆಗಿಹೋತು ಅಂತ ಹೇಳ್ತಾಳ್ರೀ ಮಗಳು. ಪ್ರತಿ ಸಲ ಕೇಳಿದ್ರೂ ಅದ. ಆಕಿನ ಲೈಟ್ ಗೀಟ್ ಹಚ್ಚಿಟ್ಟು ಮರ್ತಿರ್ತಾಳ. ಫೋನ್ ನೋಡೂದ್ರಾಗ ಇರ್ತಾಳ, ಲಕ್ಷ್ಯ ಎಲ್ಲಿರ್ತದ?"

ಕಾರಿನ ಕಾಗದಕ್ಕೆ ಸಹಿ ಹಾಕಲು ಬಂದು ಪಕ್ಕದಲ್ಲೇ ಕುಳಿತಿದ್ದ ಹುಡುಗಿಗೆ ಫೋನಿನ ದನಿ ಕೇಳಿಸುತ್ತಿತ್ತು. ತಲೆ ತಗ್ಗಿಸಿ ಉಗುರು ಕಚ್ಚುತ್ತಿದ್ದಳು. ನನಗೆ ಆ ಮನುಷ್ಯನ ಮೇಲೆ ರೇಗಿತು. ಆದರೆ ಅವರ ಅನುಮಾನ ನನಗೂ ಇತ್ತು ಎನ್ನುವುದು ನಿಜ. ಕಾರನ್ನು ಪೂರ್ತಿ ಆಫ್ ಮಾಡಿ, ಮಲಗಿದಾಗ ಅದು ಎಷ್ಟು ಕರೆಂಟ್ ಕುಡಿಯುತ್ತದೆ ಎಂದು ಅಳೆದೆ. ಸೋರಿಕೆ ಇಲ್ಲ. ದೊಡ್ಡ ಬ್ಯಾಟರಿಯಿಂದ ಚಿಕ್ಕದಕ್ಕೆ ಕರೆಂಟ್ ಇಳಿಸಿಕೊಡುವ ಪೆಟ್ಟಿಗೆಯೊಂದು ಬಾನೆಟ್ಟಿನ ಕೆಳಗಿದೆ. ಅದರ ವೋಲ್ಟೇಜ್ ನೋಡಿದೆ. ಸರಿಯಾಗಿಯೇ ಇತ್ತು. ವೈರುಗಳ ಕಂತೆಯನ್ನು ಹಿಡಿದು ಎಳೆದೆ, ಜಗ್ಗಿದೆ, ನೀರು ಚಿಮುಕಿಸಿದೆ. ತೊಂದರೆ ಎನ್ನುವುದು ನನ್ನ ಜೊತೆ ಕಣ್ಣಾಮುಚ್ಚಾಲೆ ಆಡುತ್ತಿತ್ತು.

ಆ ಪೆಟ್ಟಿಗೆಯನ್ನೇ ಬದಲಿಸೋಣ ಎಂದೆ. ಅದಕ್ಕೆ ವಿಜಯವಾಡದಲ್ಲಿರುವ ಕಂಪನಿಯ ವಲಯ ಕೇಂದ್ರದ ಅನುಮತಿ ಬೇಕು. ಅಲ್ಲಿನ ಹಿರಿಯ ಎಂಜಿನಿಯರ್ ಸೌಮ್ಯ ಮನುಷ್ಯ, ದನಿ ಏರಿಸುವುದಿಲ್ಲ, ಒಪ್ಪುವುದೂ ಇಲ್ಲ.

"ಚೂಡಮ್ಮಾ," ಎಂದು ತೆಲುಗಿನಲ್ಲಿ ಶುರು ಮಾಡಿದರು, "ತೊಂದರೆ ಕಣ್ಣಿಗೆ ಕಾಣದೆ ಇಷ್ಟು ದೊಡ್ಡ ಭಾಗ ಹೇಗೆ ಬದಲಿಸಲಿ? ಕಾರು ಇಲ್ಲಿಗೇ ಕಳಿಸು. ನಾವು ನೋಡುತ್ತೇವೆ."

ಕಾರು ಲಾರಿ ಏರಿ ವಿಜಯವಾಡಕ್ಕೆ ಹೋಯಿತು. ಅವರು ನೋಡಿದರು. ತಣ್ಣನೆಯ ಶೆಡ್ಡಿನಲ್ಲಿ ನಿಲ್ಲಿಸಿ, ಫಾಸ್ಟ್ ಚಾರ್ಜರಿನಲ್ಲಿ ತುಂಬಿಸಿ, ಹೆದ್ದಾರಿಯಲ್ಲಿ ಓಡಿಸಿ, ಮತ್ತೆ ತುಂಬಿಸಿ, "ದೋಷ ಕಂಡುಬಂದಿಲ್ಲ" ಎಂದು ಬರೆದು ವಾಪಸ್ ಕಳಿಸಿದರು. ಆ ವಾರಗಳಲ್ಲಿ ತಾಯಿ, ಮಗಳು ಬಾಡಿಗೆ ಕಾರುಗಳನ್ನು ನಂಬಿಕೊಂಡಿದ್ದರು. ನಡೆಯಲಾರದ ಹೆಂಗಸನ್ನು ಎತ್ತಿ ಕೂರಿಸಬೇಕು ಎಂದು ತಿಳಿದ ಕೂಡಲೇ ಕೆಲವರು ಬರುವುದನ್ನೇ ರದ್ದು ಮಾಡುತ್ತಿದ್ದರು.

ಕಾರು ಮನೆಗೆ ಮರಳಿದರೂ ತಾಯಿ ಹತ್ತಲು ಒಪ್ಪಲಿಲ್ಲ. ಮತ್ತೆ ಬಿಸಿಲಿನಲ್ಲಿ ನಿಂತರೆ ಎನ್ನುವ ಹೆದರಿಕೆ. ಬಾಡಿಗೆ ಕಾರು ಬಾರದ ಒಂದು ದಿನ, ಒಂದು ಸಲ ಡಯಾಲಿಸಿಸ್ ಬಿಟ್ಟರೆ ಏನಾಗುತ್ತದೆ ಎಂದು ಹಾಸಿಗೆಯಲ್ಲೇ ಉಳಿದರು. ದೇಹದೊಳಗೆ ಉಳಿದ ನೀರು ಶ್ವಾಸಕೋಶಕ್ಕೆ ಏರಿತು. ಆಂಬುಲೆನ್ಸಿನಲ್ಲಿ ಒಯ್ದು ತೀವ್ರ ನಿಗಾ ಘಟಕದಲ್ಲಿ ಇಟ್ಟು ಉಳಿಸಿಕೊಂಡರು. ಹೃದಯಕ್ಕೆ ಪೆಟ್ಟು ಬಿದ್ದಿದೆ, ಇನ್ನೊಂದು ಸಲ ತಪ್ಪಿದರೆ ನಮ್ಮ ಕೈಯಲ್ಲಿಲ್ಲ ಎಂದು ಡಾಕ್ಟರು ಹೇಳಿದರಂತೆ. ಇದನ್ನೆಲ್ಲ ಹುಡುಗಿ ನನಗೆ ಹೇಳಿದ್ದು ದೂರಲೆಂದು ಅಲ್ಲ. ಕಾರು ಸರಿಯಾಗಿದೆ ಎಂದು ಅಮ್ಮನಿಗೆ ನೀವೇ ಒಂದು ಮಾತು ಹೇಳಿ ಅಕ್ಕಾ ಎಂದು ಕೇಳಲು.

ಹಾಗೆ ಹೇಳಲು ನನಗೆ ಬಾಯಿ ಬರಲಿಲ್ಲ. ಸರಿಯಾಗಿದೆ ಎಂದು ಸಹಿ ಹಾಕಿ ಕೊಟ್ಟ ಕಾರು ಅದು. ಸರಿಯಾಗಿಲ್ಲ ಎಂದು ನನಗೆ ಗೊತ್ತಿತ್ತು.

ನಮ್ಮ ಮ್ಯಾನೇಜರ್, ಫೈಲು ಮುಚ್ಚಿದೆ, ಇನ್ನು ಅದರ ಗೊಡವೆ ಬೇಡ ಎಂದರು. ಮನೆಗೆ ಹೋಗಿ ಕಾರಿನ ಬಾನೆಟ್ ತೆಗೆಯುವುದಂತೂ ನಿಯಮದಲ್ಲೇ ಇಲ್ಲ. ನಾನು ನನ್ನ ವಾರದ ರಜೆಯ ದಿನ ಮಲ್ಟಿಮೀಟರ್, ಲ್ಯಾಪ್‌ಟಾಪ್ ಚೀಲಕ್ಕೆ ಹಾಕಿಕೊಂಡು ಭೀಮುನಿಪಟ್ಟಣದ ಬಸ್ಸು ಹತ್ತಿದೆ. ಆ ಕಾರು ನಮ್ಮ ಕೈಯಲ್ಲಿ ಒಂದು ಸಲವೂ ಕೆಡಲಿಲ್ಲ, ಅವರ ಕೈಯಲ್ಲಿ ಪದೇ ಪದೇ ಕೆಟ್ಟಿತು. ಹಾಗಾದರೆ ಅವರು ಮಾಡುವುದನ್ನೆಲ್ಲ ಅವರ ಹಾಗೆಯೇ ಮಾಡಿ ನೋಡುವುದು, ನನಗೆ ಹೊಳೆದದ್ದು ಇಷ್ಟೇ.

ತಾಯಿ ಹಜಾರದ ಮಂಚದ ಮೇಲೆ ಒರಗಿದ್ದರು. ಮುಖ ಊದಿತ್ತು, ಕಣ್ಣು ಮಾತ್ರ ಚುರುಕು.

"ಬಾರವಾ. ಕಾರಿನ ಡಾಕ್ಟರು ನೀನ ಏನು? ನನ್ನ ಡಾಕ್ಟರೂ ಹಿಂಗ, ಎಲ್ಲಾ ಟೆಸ್ಟ್ ಮಾಡಿ ಏನೂ ಇಲ್ಲಂತಿದ್ರು ಮೊದಲು."

ನಗಬೇಕೋ ಬೇಡವೋ ತಿಳಿಯದೆ ನಿಂತೆ. "ಕೂಡು, ಚಹಾ ಕುಡಿ," ಎಂದು ಅವರೇ ನಕ್ಕರು. ಅವರಿಗೆ ದಿನಕ್ಕೆ ಕುಡಿಯಲು ಇಷ್ಟೇ ನೀರು ಎಂದು ಲೆಕ್ಕ. ನನ್ನ ಕೈಯಲ್ಲಿದ್ದ ಲೋಟವನ್ನು ಅವರು ನೋಡುತ್ತಿದ್ದರು. ಅರ್ಧ ಕುಡಿದು ಲೋಟ ಕೆಳಗಿಟ್ಟೆ.

ಹುಡುಗಿ ದಿನವೂ ಮಾಡುವಂತೆ ಕಾರನ್ನು ಪೋರ್ಟಿಕೋದ ಹೊರಗೆ ನಿಲ್ಲಿಸಿ, ಮನೆಯ ಸಾಕೆಟ್ಟಿಗೆ ಕೇಬಲ್ ಸಿಕ್ಕಿಸಿದಳು. ಹಸಿರು ದೀಪ ಹತ್ತಿತು. ನಾನು ಚಿಕ್ಕ ಬ್ಯಾಟರಿಗೆ ಮೀಟರ್ ಹಚ್ಚಿಟ್ಟು ಒಳಗೆ ಬಂದು ಕುಳಿತೆ. ಮಧ್ಯಾಹ್ನ ಏರಿತು. ಊಟ ಆಯಿತು. ತಾಯಿಗೆ ನಿದ್ದೆ ಹತ್ತಿ ಎಚ್ಚರವೂ ಆಯಿತು. ಹೊರಗೆ ಹೋಗಿ ನೋಡಿದ ಹುಡುಗಿ ಬಾಗಿಲಿನಿಂದಲೇ ಕೂಗಿದಳು.

"ಅಕ್ಕಾ, ಚಾರ್ಜಿಂಗ್ ಆಗಿಹೋತು."

ನಾನು ಗಡಿಯಾರ ನೋಡಿದೆ. ಮನೆಯ ಸಾಕೆಟ್ಟಿನಲ್ಲಿ ಆ ಕಾರು ತುಂಬಲು ಒಂದು ಇಡೀ ರಾತ್ರಿ ಬೇಕು. ಹೋಗಿ ಸ್ಕ್ರೀನ್ ನೋಡಿದರೆ ಅರ್ಧದ ಹತ್ತಿರವೂ ಬಂದಿರಲಿಲ್ಲ. ಹಸಿರು ದೀಪ ಆರಿತ್ತು.

"ಎಲ್ಲಿ ಆಗಿದೆ? ಇನ್ನೂ ಅರ್ಧಾನೂ ಆಗಿಲ್ಲ."

"ಅದೇ ಅಕ್ಕಾ ನಾನು ಹೇಳ್ತಿರೋದು. ಆಗಿಹೋತು!"

"ಆಗಿಲ್ಲಮ್ಮ, ನೋಡಿಲ್ಲಿ!"

"ಅಯ್ಯೋ, ಆಗಿಹೋತು ಅಂದೆ ಅಲ್ವಾ ಅಂಡಿ!"

ಇಬ್ಬರೂ ದನಿ ಏರಿಸಿದ್ದೆವು. ಒಳಗಿನಿಂದ ತಾಯಿಯ ನಗು, ನಗುವಿನ ಹಿಂದೆಯೇ ಕೆಮ್ಮು ಕೇಳಿಸಿತು.

"ಆಕಿ ಕನ್ನಡ ಅಷ್ಟ ನೋಡವಾ," ಎಂದರು ಉಸಿರು ಹಿಡಿದುಕೊಳ್ಳುತ್ತ. "ಆಕಿಗೆ ಆಗೂದು ಅಂದ್ರ ನಿಲ್ಲೂದು. ತೆಲುಗಿನ್ಯಾಗ ಹಂಗಲ್ಲ? ಆಗಿಪೋಯಿಂದಿ. ಅದನ್ನ ಕನ್ನಡಕ್ಕ ತಂದು ಇಟ್ಟಾಳ."

ನಾನು ವಿಶಾಖಪಟ್ಟಣಕ್ಕೆ ಬಂದ ಹೊಸದರಲ್ಲಿ ಆಟೋದವರು ನಿಲ್ಲಿ ಎನ್ನಲು "ಆಗಂಡಿ" ಎಂದರೆ ಏನು ಆಗಬೇಕೋ ಎಂದು ತಬ್ಬಿಬ್ಬಾಗುತ್ತಿದ್ದೆ. ಇಲ್ಲಿನ ಕನ್ನಡದವರೆಲ್ಲ ಈ ಮಾತನ್ನು ಹೇಳಿಕೊಂಡು ನಗುತ್ತಾರೆ. ಈ ಹುಡುಗಿ ತೆಲುಗಿನಲ್ಲಿ ಹೇಳಿದ್ದರೆ ಮೊದಲ ದಿನವೇ ನನಗೆ ಅರ್ಥವಾಗುತ್ತಿತ್ತು. ಕನ್ನಡದವಳು ಸಿಕ್ಕಳೆಂದು ಖುಷಿಪಟ್ಟು ಕನ್ನಡದಲ್ಲಿ ಹೇಳಿದಳು, ನಾನು ಕನ್ನಡದಲ್ಲೇ ಕೇಳಿಸಿಕೊಂಡೆ. ಅವಳ ತಂದೆಯೂ ಹಾಗೆಯೇ ಕೇಳಿಸಿಕೊಂಡರು. ಅವಳು ಪ್ರತಿ ಸಲ ಹೇಳುತ್ತಿದ್ದದ್ದು ಚಾರ್ಜಿಂಗ್ ನಡುವೆ ನಿಂತುಹೋಯಿತು ಎಂದು.

"ಯಾವಾಗಲೂ ಹೀಗೇ ನಿಲ್ಲುತ್ತಾ?"

"ಹೂಂ ಅಕ್ಕಾ. ಮನೆ ಕರೆಂಟ್ ಪ್ರಾಬ್ಲಂ ಅನ್ಕೊಂಡೆ. ಸ್ವಲ್ಪ ಹೊತ್ತು ಬಿಟ್ಟು ಮತ್ತೆ ಹಾಕಿದ್ರೆ ಆನ್ ಆಗ್ತದೆ. ನಿಮಗೂ ಹೇಳ್ತಾನೇ ಇದ್ನಲ್ಲ!"

ಮೀಟರ್ ನೋಡಿದೆ. ಚಾರ್ಜಿಂಗ್ ನಿಂತಾಗಲೇ ಚಿಕ್ಕ ಬ್ಯಾಟರಿಗೆ ಬರುತ್ತಿದ್ದ ಕರೆಂಟೂ ನಿಂತಿತ್ತು. ಎರಡೂ ಒಂದೇ ಪೆಟ್ಟಿಗೆಯ ಕೆಲಸ. ಮನೆಯ ಕರೆಂಟನ್ನು ದೊಡ್ಡ ಬ್ಯಾಟರಿಗೆ ತುಂಬುವುದೂ ಅದೇ, ದೊಡ್ಡದರಿಂದ ಚಿಕ್ಕದಕ್ಕೆ ಇಳಿಸಿಕೊಡುವುದೂ ಅದೇ. ಹಾಗಾದರೆ ಕೆಡುತ್ತಿರುವುದು ಎರಡಕ್ಕೂ ಸೇರಿದ ಯಾವುದೋ ಜಾಗ, ಅದೂ ಗಂಟೆಗಟ್ಟಲೆ ನಡೆದು ಬಿಸಿಯಾದಾಗ ಮಾತ್ರ. ಫಾಸ್ಟ್ ಚಾರ್ಜರ್ ಬ್ಯಾಟರಿಗೆ ನೇರ ತುಂಬಿಸುತ್ತದೆ, ಬೇಗ ಮುಗಿಸುತ್ತದೆ. ನಾವು, ವಿಜಯವಾಡದವರು, ಎಲ್ಲರೂ ಹೊತ್ತು ಉಳಿಯಲಿ ಎಂದು ಅದನ್ನೇ ಬಳಸಿದ್ದೆವು. ಕಾರಿನ ಕಂಪ್ಯೂಟರಿನ ನೆನಪಿನಲ್ಲಿ ಇದರ ಸುಳಿವೂ ಇರಲಿಲ್ಲ. ಪ್ಲಗ್ ಕಿತ್ತರೂ, ಮನೆಯ ಕರೆಂಟ್ ಹೋದರೂ, ಪೆಟ್ಟಿಗೆ ತಾನಾಗಿ ನಿಂತರೂ ಅದು ಹೇಳುವುದು ಚಾರ್ಜಿಂಗ್ ಮುಗಿಯಿತು ಎಂದೇ.

ಪೆಟ್ಟಿಗೆ ಕಳಚದೆ ಮುಂದೆ ಹೋಗುವಂತಿರಲಿಲ್ಲ. ಮಾರನೆಯ ದಿನ ಮ್ಯಾನೇಜರ್ ಮುಂದೆ ನಿಂತು, ಕಾರನ್ನು ಮತ್ತೆ ವಿಜಯವಾಡಕ್ಕೆ ಕಳಿಸಿ, ಜೊತೆಗೆ ನಾನೂ ಹೋಗುತ್ತೇನೆ, ಆಗದಿದ್ದರೆ ಈ ಕಾರಿನ ಮೇಲಿರುವ ನನ್ನ ಸಹಿ ವಾಪಸ್ ಕೊಡಿ ಎಂದೆ. ಸಹಿ ವಾಪಸ್ ಪಡೆಯುವುದು ಹೇಗೆ ಎಂದು ಅವರಿಗೂ ಗೊತ್ತಿರಲಿಲ್ಲ, ನನಗೂ ಗೊತ್ತಿರಲಿಲ್ಲ. ಅಂತೂ ಕಳಿಸಿದರು.

ವಿಜಯವಾಡದ ಬಿಸಿಲು ವಿಶಾಖಪಟ್ಟಣದ್ದಕ್ಕಿಂತ ಕೆಟ್ಟದ್ದು, ಗಾಳಿಯೂ ಆಡುವುದಿಲ್ಲ. ನಾನು ಕಾರನ್ನು ಶೆಡ್ಡಿನೊಳಗೆ ತರಲು ಬಿಡಲಿಲ್ಲ. ಅಂಗಳದಲ್ಲೇ ನಿಲ್ಲಿಸಿ, ಆ ಮನೆಯಿಂದ ತಂದಿದ್ದ ಕೇಬಲ್ಲನ್ನೇ ಸಾಮಾನ್ಯ ಸಾಕೆಟ್ಟಿಗೆ ಸಿಕ್ಕಿಸಿದೆ. ಹಿರಿಯ ಎಂಜಿನಿಯರ್ ಕರವಸ್ತ್ರದಿಂದ ಕತ್ತು ಒರೆಸಿಕೊಂಡು ಬಂದರು.

"ಫಾಸ್ಟ್ ಚಾರ್ಜರ್ ಇರುವಾಗ ಇದೇನಮ್ಮಾ?"

"ಅವರ ಮನೆಯಲ್ಲಿ ಫಾಸ್ಟ್ ಚಾರ್ಜರ್ ಇಲ್ಲ ಸಾರ್."

ಬ್ಯಾಂಕಿನಿಂದ ತಂದೆಯೂ ಬಂದಿದ್ದರು. ಮಗಳ ಮಾತಿನ ಅರ್ಥವನ್ನು ಅವರಿಗೆ ಫೋನಿನಲ್ಲೇ ತಿಳಿಸಿದ್ದೆ. ಊಟದ ಡಬ್ಬಿ ಹಿಡಿದುಕೊಂಡು ಗೋಡೆಯ ನೆರಳಿಗೆ ನಿಂತಿದ್ದರು. ಊಟದ ಹೊತ್ತು ದಾಟಿದ ಮೇಲೆ ಹಸಿರು ದೀಪ ಆರಿತು. ಹಿರಿಯ ಎಂಜಿನಿಯರ್ ಬಗ್ಗಿ ದೀಪ ನೋಡಿದರು, ಸಾಕೆಟ್ ನೋಡಿದರು, ಬೇರೆ ದೀಪ ಹಚ್ಚಿ ಸಾಕೆಟ್ಟಿನಲ್ಲಿ ಕರೆಂಟ್ ಇದೆಯೇ ಎಂದು ನೋಡಿದರು. ಇತ್ತು.

"ಆಗಿಪೋಯಿಂದಿ," ಎಂದರು.

"ಹೌದು ಸಾರ್," ಎಂದೆ. "ಅದನ್ನೇ ಆ ಹುಡುಗಿ ಮೊದಲಿನಿಂದ ಹೇಳುತ್ತಿದ್ದಳು."

ದೊಡ್ಡ ಬ್ಯಾಟರಿಯ ಸಂಪರ್ಕ ಕಡಿದು, ಕರೆಂಟ್ ಪೂರ್ತಿ ಇಳಿದಿದೆ ಎಂದು ಖಚಿತ ಮಾಡಿಕೊಂಡು ಪೆಟ್ಟಿಗೆ ಎತ್ತಿದೆವು. ಅದರ ಅರ್ಥಿಂಗ್ ಕೇಬಲ್ ಕಾರಿನ ಮೈಗೆ ಸೇರುವ ಬೋಲ್ಟು ಕೆಳಗೆ ಅಡಗಿತ್ತು. ಬೋಲ್ಟ್ ಬಿಗಿಯಾಗಿಯೇ ಇತ್ತು. ಬಿಚ್ಚಿ ನೋಡಿದರೆ ಅದರ ಅಡಿಯಲ್ಲಿ ಬಣ್ಣ. ಕಾರ್ಖಾನೆಯಲ್ಲಿ ಆ ಜಾಗದ ಬಣ್ಣ ಕೆರೆಯದೆ ಬೋಲ್ಟ್ ಬಿಗಿದಿದ್ದರು. ಅಂಚಿನಲ್ಲಿ ಅಷ್ಟಿಷ್ಟು ತಾಗಿಕೊಂಡಿದ್ದ ಲೋಹಕ್ಕೂ ಸಮುದ್ರದ ಗಾಳಿಯ ಉಪ್ಪು ಹಿಡಿದು ಹಸಿರು ಮಿಶ್ರಿತ ಬಿಳಿ ಪುಡಿಯಾಗಿತ್ತು. ತಣ್ಣಗಿದ್ದಾಗ ಹೇಗೋ ನಡೆಯುತ್ತಿತ್ತು, ಬಿಸಿಯಾದರೆ ಸಂಪರ್ಕ ಕಳೆದು ಪೆಟ್ಟಿಗೆ ಕೆಲಸ ನಿಲ್ಲಿಸುತ್ತಿತ್ತು. ಆಮೇಲೆ ಚಿಕ್ಕ ಬ್ಯಾಟರಿ ತನ್ನಲ್ಲಿದ್ದಷ್ಟನ್ನು ಖರ್ಚು ಮಾಡಿ ನಡುರಸ್ತೆಯಲ್ಲಿ ಕಣ್ಣು ಮುಚ್ಚುತ್ತಿತ್ತು.

ಎಮರಿ ಪೇಪರಿನಿಂದ ತಿಕ್ಕಿ ಲೋಹ ಹೊಳೆಯುವಂತೆ ಮಾಡಿದೆ. ಹೊಸ ಬೋಲ್ಟು ಹಾಕಿ ಟಾರ್ಕ್ ರೆಂಚಿನಿಂದ ಬಿಗಿದು, ನೀರು ತಾಗದಂತೆ ಗ್ರೀಸ್ ಬಳಿದೆ. ಪೆಟ್ಟಿಗೆ ಕೂರಿಸಿ ಮತ್ತೆ ಅದೇ ಬಿಸಿಲಿನಲ್ಲಿ ಅದೇ ಕೇಬಲ್ ಸಿಕ್ಕಿಸಿದೆವು. ಈ ಸಲ ನಿಲ್ಲಲಿಲ್ಲ. ಹಿರಿಯರು ವರದಿಯಲ್ಲಿ "ಅರ್ಥಿಂಗ್ ಬೋಲ್ಟ್ ಸರಿಪಡಿಸಲಾಗಿದೆ" ಎಂದು ಬರೆದರು. ಬರೆಯಲು ಅಷ್ಟೇ ಇತ್ತು. ಅಷ್ಟಕ್ಕಾಗಿ ಒಬ್ಬ ಹೆಂಗಸಿನ ಎದೆಗೆ ನೀರು ತುಂಬಿತ್ತು.

ತಂದೆ ಹತ್ತಿರ ಬಂದು ಆ ಹಳೆಯ ಬೋಲ್ಟನ್ನು ಅಂಗೈಯಲ್ಲಿ ಇಟ್ಟುಕೊಂಡು ನೋಡಿದರು.

"ಸುಮ್ನ ಬೈದ್ನೆಲ್ರೀ ಆಕಿನ್ನ," ಎಂದರು.

ಕಾರು ಮನೆ ಸೇರಿದ ಮೇಲಿನ ಮೊದಲ ಡಯಾಲಿಸಿಸ್ಸಿಗೆ ನಾನೂ ಜೊತೆಗೆ ಹೋದೆ. ತಾವು ಹತ್ತಬೇಕಾದರೆ ನಾನೂ ಕೂರಬೇಕು ಎಂದು ತಾಯಿ ಷರತ್ತು ಹಾಕಿದ್ದರು. ದಾರಿಯುದ್ದಕ್ಕೂ ಬಾಗಿಲ ಮೇಲಿನ ಹಿಡಿಯನ್ನು ಬಿಡಲಿಲ್ಲ. ವಾಪಸ್ ಬರುವಾಗ ಋಷಿಕೊಂಡ ದಾಟಿದ ಮೇಲೆ ಹಿಡಿ ಬಿಟ್ಟು, ಶಾಲು ಹೊದ್ದು, ನನ್ನ ಭುಜಕ್ಕೆ ಒರಗಿ ಮಲಗಿದರು. ಆ ದಿನ ನನಗೆ ಸಮಾಧಾನವಾಯಿತು. ಸಮಾಧಾನ ಎನ್ನುವುದಕ್ಕಿಂತ ಹೆಮ್ಮೆಯೇ ಆಯಿತು.

ಅದಾದ ಮೇಲೆ ಅವರು ಒಂದು ಸಲವೂ ತಪ್ಪಿಸಲಿಲ್ಲ, ಕಾರು ಒಂದು ಸಲವೂ ನಿಲ್ಲಲಿಲ್ಲ. ಹುಡುಗಿ ಆಗಾಗ ಹಸಿರು ದೀಪದ ಫೋಟೋ ತೆಗೆದು ಕಳಿಸುತ್ತಿದ್ದಳು. ಆಗಿಹೋಗುವುದು ಅಂದರೇನು, ನಿಂತುಹೋಗುವುದು ಅಂದರೇನು ಎಂದು ನಾನು ಫೋನಿನಲ್ಲಿ ಪಾಠ ಮಾಡುತ್ತಿದ್ದೆ. ಅವಳು ಹೂಂ ಅಕ್ಕಾ ಎನ್ನುತ್ತಿದ್ದಳು, ಮತ್ತೆ ಅದೇ ತಪ್ಪು ಮಾಡುತ್ತಿದ್ದಳು. ನಾನು ಬೇಕೆಂದೇ ರೇಗಿಸುತ್ತಿದ್ದೆ.

ಮಳೆಗಾಲ ಶುರುವಾದ ಮೇಲೆ ಒಂದು ಮಧ್ಯಾಹ್ನ ನಾನು ಬೇರೊಂದು ಕಾರಿನ ಕೆಳಗೆ ಮಲಗಿದ್ದೆ. ಫೋನು ಬಂತು. ಮೊಣಕೈಯಿಂದ ಸ್ಪೀಕರ್ ಒತ್ತಿದೆ.

"ಅಕ್ಕಾ," ಎಂದಳು ಆ ಹುಡುಗಿ. "ಆಗಿಹೋತು ಅಕ್ಕಾ."

ಬೋಲ್ಟ್ ಮತ್ತೆ ಕೈಕೊಟ್ಟಿತು ಎಂದುಕೊಂಡೆ. ಕಾರಿನ ಕೆಳಗಿನಿಂದ ಜಾರಿ ಹೊರಗೆ ಬರುತ್ತಲೇ ಕೇಳಿದೆ.

"ಎಲ್ಲಿ ನಿಂತಿದೆ? ಮನೆಯಲ್ಲಾ, ರಸ್ತೆಯಲ್ಲಾ? ಎಷ್ಟು ಪರ್ಸೆಂಟ್ ತೋರಿಸ್ತಿದೆ? ಅಮ್ಮನ್ನ ಮೊದಲು ಹೊರಗೆ ಕೂರಿಸು, ನಾನು ಈಗಲೇ ಹೊರಟೆ."

ಆ ಕಡೆ ಆಸ್ಪತ್ರೆಯ ಮೈಕಿನಲ್ಲಿ ಯಾರದೋ ಹೆಸರು ಕೂಗುತ್ತಿದ್ದುದು ಕೇಳಿಸಿತು.

"ಕಾರ್ ಅಲ್ಲ ಅಕ್ಕಾ," ಎಂದಳು. "ಕಾರ್ ಚೆನ್ನಾಗೇ ಇದೆ."